ಗೋಡೆಗೆ ಬಂದು ನಿಂತ ಸುಣ್ಣದ ಗೆರೆ

ಮದರಾಸಿನ ಕ್ರೋಂಪೇಟೆಯ ನಮ್ಮ ಹೋಟೆಲಿನ ಹಿಂಗೋಡೆಯ ಆಚೆ ನಗರಸಭೆಯ ಒಂದು ಬಾವಿ ಇತ್ತು. ಈಗಲೂ ಇದೆ. ಇದೆ ಎಂದು ಬರೆಯಲು ಸಾಧ್ಯವಾಗುತ್ತಿರುವುದೇ ನನ್ನ ಪಾಲಿಗೆ ದೊಡ್ಡ ಸಮಾಧಾನ. ಅದನ್ನು ಮುಚ್ಚಿಬಿಡುವ ಹಂತ ಒಮ್ಮೆ ಬಂದಿತ್ತು, ಬಂದದ್ದು ನನ್ನಿಂದ. ಈ ಮಾತಿನ ಅರ್ಧವನ್ನು ನಮ್ಮ ಬೀದಿಯವರೆಲ್ಲ ಬಲ್ಲರು. ಉಳಿದರ್ಧವನ್ನು ಹೇಳಲು ನನಗೆ ವರ್ಷಗಳೇ ಹಿಡಿದವು.

ನಾನು ಕುಂದಾಪುರದ ಕಡೆಯವನು. ಹೈಸ್ಕೂಲು ಮುಗಿಸಿ ಮದರಾಸಿಗೆ ಬಂದು, ಟಿ. ನಗರದಲ್ಲಿ ನಮ್ಮೂರವರ ಹೋಟೆಲಿನಲ್ಲಿ ಎಲೆ ಎತ್ತುವುದರಿಂದ ಹಿಡಿದು ಗಲ್ಲಾದ ತನಕ ಎಲ್ಲ ಕೆಲಸ ಮಾಡಿ, ತಲೆಗೂದಲು ನೆರೆಯತೊಡಗಿದ ಮೇಲೆ ಕ್ರೋಂಪೇಟೆ ಸ್ಟೇಷನ್ನಿಗೆ ಹತ್ತಿರದಲ್ಲಿ ಸ್ವಂತದ್ದೊಂದು ಸಣ್ಣ ಹೋಟೆಲು ಹಾಕಿದೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಕಟ್ಟಡ ನೋಡಲು ಹೋದ ದಿನ ನಾನು ಮೊದಲು ಕೇಳಿದ್ದು ಬಾಡಿಗೆಯನ್ನಲ್ಲ, ನೀರನ್ನು. ಆ ಕಡೆ ಕೊಳವೆಬಾವಿ ಕೊರೆದರೆ ಉಪ್ಪುನೀರು. ಅದರಲ್ಲಿ ಡಿಕಾಕ್ಷನ್ ಇಳಿಸಿದರೆ ಕಾಫಿಗೆ ಬಣ್ಣ ಬರುತ್ತದೆಯೇ ಹೊರತು ರುಚಿ ಬರುವುದಿಲ್ಲ. ಚರ್ಮ ಹದಮಾಡುವ ಹಳೆಯ ಶೆಡ್ಡುಗಳಿದ್ದ ದಿಕ್ಕಿನ ಬಾವಿಗಳನ್ನಂತೂ ಜನ ಯಾವತ್ತೋ ಬಿಟ್ಟಿದ್ದರು. ಹಾಗಿರುವಾಗ ಈ ಒಂದು ಬಾವಿಯ ನೀರು ಮಾತ್ರ ಎಳನೀರಿನ ಹಾಗಿತ್ತು. ಬೀದಿಯ ಹೆಂಗಸರು ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡ ಹಿಡಿದು ಬೆಳಿಗ್ಗೆ ಸಾಲು ನಿಲ್ಲುತ್ತಿದ್ದರು. ನಮ್ಮ ಹೋಟೆಲಿಗೂ ಕಾಫಿಗೆ ಮತ್ತು ಕುಡಿಯಲಿಕ್ಕೆ ಅದೇ ನೀರು. ಲೋಕಲ್ ರೈಲು ಹಿಡಿಯುವವರು ಒಂದು ರೈಲು ತಪ್ಪಿಸಿಕೊಂಡು ನಮ್ಮಲ್ಲಿ ಕಾಫಿ ಕುಡಿದು ಹೋಗುತ್ತಿದ್ದರು. ಕೈಗುಣ ಎಂದು ಹೊಗಳಿದಾಗ ನಾನು ಬಾವಿಯ ಹೆಸರು ಹೇಳುತ್ತಿರಲಿಲ್ಲ, ಸುಮ್ಮನೆ ನಗುತ್ತಿದ್ದೆ.

ಬಾವಿಯ ಇನ್ನೊಂದು ಬದಿಗೆ ಒಬ್ಬ ಹೆಂಗಸಿನ ದನದ ಕೊಟ್ಟಿಗೆ. ಗಂಡ ಸತ್ತ ಮೇಲೆ ಎರಡು ಹಸು ಕಟ್ಟಿಕೊಂಡು ಬದುಕುತ್ತಿದ್ದವಳು. ನಮ್ಮ ಹೋಟೆಲಿಗೆ ಹಾಲು ಅವಳದೇ. ಬೆಳಕು ಹರಿಯುವ ಮುಂಚೆ ಕ್ಯಾನು ತಂದಿಟ್ಟು, "ಮುದಲಾಳಿ, ಪಾಲು" ಎಂದು ಕೂಗಿ ಹೋಗುತ್ತಿದ್ದಳು. ಮುದಲಾಳಿ ಎಂದರೆ ಯಜಮಾನ, ಪಾಲು ಎಂದರೆ ಹಾಲು. ಬಾವಿ ಕಡೆಯವರೆಲ್ಲ ತಮಿಳಿನಲ್ಲಿ ಆಡಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅದೊಂದು ಕರೆಯನ್ನು ಮಾತ್ರ ಹಾಗೆಯೇ ಬಿಟ್ಟಿದ್ದೇನೆ.

ನಮ್ಮ ವಾರ್ಡಿಗೆ ಮಹಿಳಾ ಕೌನ್ಸಿಲರ್ ಬಂದದ್ದು ಆಮೇಲೆ. ಮೀಸಲಾತಿಯಿಂದ ಗೆದ್ದವರು, ಗಂಡನೇ ಆಡಳಿತ ಮಾಡುತ್ತಾನೆ ಎಂದು ಬೀದಿಯೆಲ್ಲ ಮಾತಾಡಿಕೊಂಡಿತ್ತು. ಆದರೆ ಆ ಗಂಡನಿಗೆ ಸಿಕ್ಕಿದ್ದು ಹೆಂಡತಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುವ ಕೆಲಸವೊಂದೇ. ನೀರಿನ ವ್ಯಾಪಾರಿಯೊಬ್ಬ ಬಾವಿಗೆ ಮೋಟಾರು ಇಳಿಸಿ ಲಾರಿ ತುಂಬಿಸಲು ಬಂದಾಗ ಈಕೆ ಬಾವಿಕಟ್ಟೆಯ ಮೇಲೆ ಕೂತು ಕದಲಲಿಲ್ಲ. ನಗರಸಭೆಯಲ್ಲಿ ಜಗಳವಾಡಿ ಬಾವಿಗೆ ಕಬ್ಬಿಣದ ಬಲೆ ಹಾಕಿಸಿದರು. ವಾರಕ್ಕೊಮ್ಮೆ ಬ್ಲೀಚಿಂಗ್ ಪುಡಿ ಹಾಕುವಂತೆ ಮಾಡಿದರು. ಕೊನೆಗೆ ಒಂದು ದಿನ ಸ್ಯಾನಿಟರಿ ಇನ್ಸ್‌ಪೆಕ್ಟರನ್ನು ಕರೆದುಕೊಂಡು ಉದ್ದದ ಹಗ್ಗ ಹಿಡಿದು ಬಂದರು.

ಹಗ್ಗದ ಒಂದು ತುದಿಯನ್ನು ಬಾವಿಯ ನಡುವಿನ ರಾಟೆಗೆ ಕಟ್ಟಿ, ಇನ್ನೊಂದು ತುದಿ ಹಿಡಿದು ಸುತ್ತ ನಡೆಯುತ್ತ, ಆಳಿನ ಕೈಯಲ್ಲಿ ನೆಲಕ್ಕೆ ಸುಣ್ಣದ ಗೆರೆ ಎಳೆಸಿದರು. ಗೆರೆಯ ಒಳಗೆ ಬಟ್ಟೆ ಒಗೆಯುವಂತಿಲ್ಲ, ಪಾತ್ರೆ ತೊಳೆಯುವಂತಿಲ್ಲ, ದನ ಕಟ್ಟುವಂತಿಲ್ಲ, ಬಚ್ಚಲಿನ ನೀರು ಬಿಡುವಂತಿಲ್ಲ. ಕೊಟ್ಟಿಗೆ ಗೆರೆಯ ಹೊರಗೇ ಬಂತು, ಒಂದು ಗೇಣಿನ ಅಂತರದಲ್ಲಿ.

"ನನ್ನ ಹಸುವಿಗೆ ಬಾಲ ಚಾಚೋದಕ್ಕೆ ಪರ್ಮಿಷನ್ ಉಂಟಾ, ಇಲ್ಲಾ ಅದಕ್ಕೂ ಅರ್ಜಿ ಹಾಕಬೇಕಾ?" ಎಂದು ಹಾಲಿನವಳು ಕೇಳಿದಳು.

"ಬಾಲ ಪರವಾಗಿಲ್ಲಮ್ಮ, ಬಾಲದ ಕೆಳಗಿನದು ಬೇಡ" ಎಂದರು ಕೌನ್ಸಿಲರ್.

ಗೆರೆ ಸುತ್ತಿ ಬಂದು ನಮ್ಮ ಹಿಂಗೋಡೆಗೆ ತಾಗಿ ನಿಂತಿತು. ಹಗ್ಗ ಇನ್ನೂ ಬಾಕಿ ಇತ್ತು. ಇನ್ಸ್‌ಪೆಕ್ಟರ್ ಗೋಡೆಯ ಮೇಲಿನಿಂದ ಇಣುಕಿ, "ಒಳಗೆ ಏನಿದೆ ಸಾರ್?" ಎಂದರು.

"ಏನಿಲ್ಲ ಸಾರ್, ಒಂದು ತೆಂಗಿನಮರ" ಎಂದೆ. ಎಲ್ಲರಿಗೂ ಕಾಫಿ ಕಳಿಸಿದೆ. ಗೆರೆ ಗೋಡೆಯ ಈಚೆಗೆ ಬರಲಿಲ್ಲ.

ಆ ಹೊತ್ತಿಗೆ ನಾನು ಸುಳ್ಳು ಹೇಳಿದ್ದೇನೆಂದು ನನಗೇ ಅನ್ನಿಸಿರಲಿಲ್ಲ. ನಮ್ಮೂರಲ್ಲಿ ಹುಟ್ಟಿದವರಿಗೆ ಇದು ಅರ್ಥವಾಗುತ್ತದೆ. ಅಲ್ಲಿ ಮನೆಮನೆಗೂ ಬಾವಿ, ಮನೆಮನೆಗೂ ತೆಂಗು. ಬಚ್ಚಲಿನ ನೀರು, ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ನೀರು ಎಲ್ಲವನ್ನೂ ಕಾಲುವೆಯಂಥ ಸಣ್ಣ ಕಣಿ ತೆಗೆದು ತೆಂಗಿನ ಬುಡಕ್ಕೆ ಬಿಡುತ್ತಾರೆ. ಚರಂಡಿಗೆ ನೀರು ಬಿಡುವುದು ನಮಗೆ ಅನ್ನ ಚೆಲ್ಲಿದ ಹಾಗೆ. ನಾನು ಹೋಟೆಲು ಹಾಕಿದ ವರ್ಷ ಊರಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದ ಸಸಿಯನ್ನು ಹಿತ್ತಲಲ್ಲಿ ನೆಟ್ಟು, ಸುತ್ತ ಗುಂಡಿ ತೆಗೆದು, ಹಿಟ್ಟು ರುಬ್ಬುವ ಕೋಣೆಯ ನೀರನ್ನು ಅದಕ್ಕೆ ತಿರುಗಿಸಿದ್ದೆ. ಊರಿನ ಮನೆಯಲ್ಲಿ ಬಾವಿ ಒಂದು ಮೂಲೆಗೆ, ತೆಂಗು ಇನ್ನೊಂದು ಮೂಲೆಗೆ, ಹರಿಯುವ ಕೊಳೆನೀರು ನಾಲ್ಕೇ ಜನರದ್ದು ಎಂಬುದನ್ನು ನಾನು ಯೋಚಿಸಲೇ ಇಲ್ಲ. ಇಲ್ಲಿ ಗ್ರೈಂಡರು ತೊಳೆದ ನೀರು, ಸೋಡಾಪುಡಿ ಹಾಕಿ ಪಾತ್ರೆ ಬೆಳಗಿದ ನೀರು ದಿನವಿಡೀ ಹರಿಯುತ್ತಿತ್ತು. ಬಾವಿ ಗೋಡೆಯ ಆಚೆಗೇ ಇತ್ತು. ಮರವಂತೂ ಸೊಕ್ಕಿ ಬೆಳೆಯಿತು. ಅದರ ಕಾಯಿಯ ಚಟ್ನಿಯನ್ನು ಇನ್ಸ್‌ಪೆಕ್ಟರ್ ಸಾಹೇಬರೂ ಎರಡನೆಯ ಸಲ ಹಾಕಿಸಿಕೊಂಡು ತಿಂದಿದ್ದಾರೆ.

ಆಮೇಲೆ ಮಳೆ ಕೈಕೊಟ್ಟ ವರ್ಷಗಳು ಬಂದವು. ಊರಿಗೆ ಊರೇ ಲಾರಿ ನೀರಿಗೆ ಕಾಯುತ್ತಿತ್ತು. ಎಲ್ಲ ಕಟ್ಟಡದವರೂ ಛಾವಣಿಯ ಮಳೆನೀರನ್ನು ನೆಲಕ್ಕಿಳಿಸಬೇಕೆಂದು ಸರ್ಕಾರ ಕಡ್ಡಾಯ ಮಾಡಿತು. ನಗರಸಭೆಯವರು ಮನೆಮನೆಗೆ ಬಂದು ಪೈಪು ಎಲ್ಲಿ, ಗುಂಡಿ ಎಲ್ಲಿ ಎಂದು ಕೇಳತೊಡಗಿದರು. ಛಾವಣಿಯಿಂದ ಒಂದು ಪೈಪು ಇಳಿಸಿದೆ. ಬೇರೆ ಗುಂಡಿ ತೋಡಿಸಿ, ಜಲ್ಲಿ, ಇದ್ದಿಲು, ಮರಳು ತುಂಬಿಸುವ ಉಸಾಬರಿ ಯಾಕೆಂದು ಪೈಪಿನ ಬಾಯಿಯನ್ನು ತೆಂಗಿನ ಗುಂಡಿಗೇ ಬಿಟ್ಟೆ. ಇನ್ಸ್‌ಪೆಕ್ಟರ್ ಬರುವ ದಿನ ಬೆಳಿಗ್ಗೆ ರುಬ್ಬುವ ಕೋಣೆಯ ಕಣಿಯ ಮೇಲೆ ಕಡಪಾ ಕಲ್ಲು ಮುಚ್ಚಿ, ಕಲ್ಲಿನ ಮೇಲೆ ತುಳಸಿ ಕುಂಡ ಇಟ್ಟೆ. ಇಲ್ಲಿಂದ ಮುಂದೆ ನನ್ನದು ತಿಳಿಯದೆ ಮಾಡಿದ್ದಲ್ಲ.

"ಬಹಳ ಚೆನ್ನಾಗಿ ಮಾಡಿದ್ದೀರಿ. ಬೇರೆಯವರಿಗೂ ತೋರಿಸಿ" ಎಂದು ಇನ್ಸ್‌ಪೆಕ್ಟರ್ ಹೇಳಿ ಹೋದರು.

ಮರುವರ್ಷ ತಮಿಳರ ಐಪ್ಪಸಿ ತಿಂಗಳಲ್ಲಿ, ದೀಪಾವಳಿಯ ಆಸುಪಾಸು, ಮಳೆ ಚೆನ್ನಾಗಿಯೇ ಹೊಡೆಯಿತು. ಬಾವಿ ಕೈಗೆ ಸಿಗುವಷ್ಟು ತುಂಬಿತು. ಜನ ಬಂದು ಬಗ್ಗಿ ನೋಡಿ ಕೈಮುಗಿದು ಹೋದರು. ಕೆಲವೇ ದಿನಗಳಲ್ಲಿ ನೀರು ನಾರತೊಡಗಿತು.

ಸಗಣಿಯ ವಾಸನೆ ಎಂದರು ಬೀದಿಯವರು. ಕೊಟ್ಟಿಗೆ ಕಣ್ಣೆದುರೇ ಇತ್ತು, ಹಾಗೆ ಹೇಳಲು ಯಾರಿಗೂ ಕಷ್ಟವಾಗಲಿಲ್ಲ. ನಾನು ಒಂದು ಚೊಂಬು ನೀರನ್ನು ಒಲೆಯ ಮೇಲಿಟ್ಟು ಕುದಿಸಿದೆ. ಹಬೆ ಎದ್ದ ಕೂಡಲೇ ನನಗೆ ಗೊತ್ತಾಯಿತು. ಉದ್ದು ರುಬ್ಬಿದ ಕಲ್ಲನ್ನು ತೊಳೆದ ನೀರು ಒಂದು ದಿನ ಬಿಸಿಲಿಗೆ ನಿಂತರೆ ಬರುವ ಹುಳಿವಾಸನೆ ಅದು. ಎಳೆ ವಯಸ್ಸಿನಿಂದ ಆ ವಾಸನೆಯ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದವನು ನಾನು. ನನ್ನ ಹೆಂಡತಿಯೂ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹತ್ತಿರ ಬಂದು ಮೂಸಿದಳು.

"ಹ್ವಾಯ್, ಇದು ಸಗಣಿ ಅಲ್ಲ" ಎಂದಳು.

"ಮತ್ತೆಂತದ್ದು?"

"ನನ್ನ ಹತ್ರ ಎಂತಕ್ಕೆ ಕೇಳ್ತೀರಿ? ನಿಮಗೆ ಮೂಗಿಲ್ವಾ?"

"ಮಳೆಗಾಲ ಅಲ್ವಾ. ಮಳೆ ಬಿಟ್ಟ ಮೇಲೆ ತಿಳಿಯಾಗ್ತದೆ" ಎಂದೆ.

ಆ ದಿನವೇ ಕಲ್ಲು ಎತ್ತಿ ಕಣಿಯನ್ನು ಬೀದಿಯ ಚರಂಡಿಗೆ ತಿರುಗಿಸಬಹುದಿತ್ತು. ಆದರೆ ಹಾಗೆ ಮಾಡಲು ನೆಲ ಒಡೆಯಬೇಕು, ಬೀದಿಯಲ್ಲಿ ಅಗೆಯಬೇಕು, ಅಗೆಯುವಾಗ ಯಾಕೆಂದು ಕೇಳುತ್ತಾರೆ. ಬೇರೆಯವರಿಗೂ ತೋರಿಸಿ ಎಂದು ಹೊಗಳಿಸಿಕೊಂಡ ಗುಂಡಿ ಅದು. ನಾನು ಕಾಫಿಗೆ ಲಾರಿ ನೀರು ತರಿಸಲು ಶುರುಮಾಡಿ ಬಾಯಿ ಮುಚ್ಚಿಕೊಂಡೆ.

ಕೌನ್ಸಿಲರ್ ಸುಮ್ಮನೆ ಕೂರುವವರಲ್ಲ. ನೀರನ್ನು ಬಾಟಲಿಯಲ್ಲಿ ಪರೀಕ್ಷೆಗೆ ಕಳಿಸಿದರು. ಕುಡಿಯಲು ಯೋಗ್ಯವಲ್ಲ, ಕೊಳೆನೀರು ಸೇರುತ್ತಿದೆ ಎಂದು ಬಂತು. ಎಲ್ಲಿಂದ ಎಂದು ಬಾಟಲಿ ಹೇಳುವುದಿಲ್ಲವಲ್ಲ. ಬಾವಿಕಟ್ಟೆಯ ಹತ್ತಿರ ಜನ ಸೇರಿದರು. ನಾನೂ ಇದ್ದೆ. ಕೊಟ್ಟಿಗೆಯನ್ನು ಅಲ್ಲಿಂದ ಎತ್ತಬೇಕೆಂದು ಎಲ್ಲರೂ ಹೇಳಿದರು. ಹಾಲಿನವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು.

"ಇಷ್ಟು ವರ್ಷ ಗಂಜಲ ಹೊಯ್ಯದ ಹಸು ಈ ವರ್ಷ ಹೊಯ್ತಾ?" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀವು ಹೇಳಿ ಮುದಲಾಳಿ. ನನ್ನ ಹಾಲು ಕುಡಿದೋರು ನೀವು. ನನ್ನ ಕೊಟ್ಟಿಗೆ ಗಲೀಜಾಗಿರುತ್ತಾ?" ಎಂದಳು.

"ನಗರಸಭೆಯವರು ನೋಡಿ ಹೇಳ್ತಾರಮ್ಮ" ಎಂದೆ. ನಾನು ಆಡಿದ್ದು ಅಷ್ಟೇ.

ಅವಳಿಗೆ ನೋಟಿಸು ಬಂತು. ಕುಂದ್ರತ್ತೂರಿನ ಕಡೆ ತಂಗಿಯ ಮನೆಯಿತ್ತು. ಹಸುಗಳನ್ನು ಹೊಡೆದುಕೊಂಡು ಅಲ್ಲಿಗೆ ಹೋದಳು. ಹೋಗುವ ದಿನ ದೊಡ್ಡ ಹಸು ನಮ್ಮ ಹೋಟೆಲಿನ ಹಿಂಬಾಗಿಲಲ್ಲಿ, ದಿನವೂ ಬಾಳೆಎಲೆ ಸಿಗುತ್ತಿದ್ದ ಜಾಗದಲ್ಲಿ ನಿಂತು ಕದಲಲಿಲ್ಲ. ಹೆಂಡತಿ ಎಲೆ ತಂದು ಹಾಕಿದಳು. ಒಳಗೆ ಬಂದು ನನ್ನ ಮುಖ ನೋಡದೆ ಹೇಳಿದಳು: "ಹಸುವಿಗೆ ನೋಟಿಸು ಕೊಟ್ಟಾಯ್ತು. ತೆಂಗಿನಮರಕ್ಕೆ ಯಾರು ಕೊಡುದು?"

ಹಸು ಹೋದ ಮೇಲೂ ನೀರು ನಾರುತ್ತಲೇ ಇತ್ತು. ಮಳೆ ನಿಂತಿತು, ಮಾರ್ಗಳಿ ತಿಂಗಳು ಕಳೆಯಿತು, ಪೊಂಗಲ್ ಬಂತು, ನೀರು ತಿಳಿಯಾಗಲಿಲ್ಲ. ಬೀದಿಯ ಹೆಂಗಸರು ಕೊಡ ಹಿಡಿದು ಮುಖ್ಯರಸ್ತೆಯ ಲಾರಿಗೆ ಹೋಗಿ ಗುದ್ದಾಡತೊಡಗಿದರು. ಅವರಲ್ಲಿ ಒಬ್ಬಾಕೆ ಬಿದ್ದು ಮಂಡಿ ಒಡೆದುಕೊಂಡಳು. ಒಂದು ಮಧ್ಯಾಹ್ನ, ಊಟದ ಗದ್ದಲ ಮುಗಿದ ಮೇಲೆ, ಕೌನ್ಸಿಲರ್ ಮತ್ತು ಇನ್ಸ್‌ಪೆಕ್ಟರ್ ನಮ್ಮ ಹೋಟೆಲಿಗೆ ಬಂದು ಕೂತರು. ಕೌನ್ಸಿಲರ್ ಮುಖ ಬಾಡಿತ್ತು.

"ಬಾವಿ ಮುಚ್ಚೋದು ಅಂತ ಆಗಿದೆ ಸಾರ್" ಎಂದರು. "ಮಣ್ಣು ತುಂಬಿ ಮೇಲೆ ಸಿಂಟೆಕ್ಸ್ ಟ್ಯಾಂಕ್ ಇಡ್ತಾರಂತೆ. ಲಾರಿ ಬಂದು ತುಂಬಿಸುತ್ತಂತೆ. ಬಂದಾಗ."

"ಬೇರೆ ದಾರಿ ಇಲ್ಲಮ್ಮ. ಎಲ್ಲಿಂದ ಸೇರುತ್ತೆ ಅಂತ ಗೊತ್ತಾಗದ ಮೇಲೆ ಏನು ಮಾಡೋದು?" ಎಂದರು ಇನ್ಸ್‌ಪೆಕ್ಟರ್.

"ಆ ಹೆಂಗಸಿನ ಕೊಟ್ಟಿಗೆ ಕಿತ್ತು ಹಾಕಿದ್ದು ನಾನು. ಅದೂ ದಂಡವಾಯ್ತು" ಎಂದು ಅವರು ಡವರಾ ಬಟ್ಟಲಿನಲ್ಲಿದ್ದ ಕಾಫಿಯನ್ನು ಒಂದು ಗುಟುಕು ಕುಡಿದು ಕೆಳಗಿಟ್ಟರು. "ನಿಮ್ಮ ಕಾಫಿಯೂ ಮೊದಲಿನ ಹಾಗಿಲ್ಲ ಸಾರ್."

ಲಾರಿ ನೀರಿನ ಕಾಫಿ ಅದು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಗಲ್ಲಾದಿಂದ ಎದ್ದೆ.

"ಅಮ್ಮಾ, ಆ ಹಗ್ಗ ಇದೆಯಾ?"

"ಯಾವ ಹಗ್ಗ?"

"ಗೆರೆ ಎಳೆದದ್ದು."

ಹಗ್ಗ ಸ್ಕೂಟರಿನ ಡಿಕ್ಕಿಯಲ್ಲೇ ಇತ್ತು. ರಾಟೆಗೆ ಕಟ್ಟಿ ತುದಿಯನ್ನು ನಮ್ಮ ಗೋಡೆಯ ಮೇಲಿನಿಂದ ಈಚೆಗೆ ಎಸೆಯಿರಿ ಎಂದೆ. ಎಸೆದರು. ನಾನು ಈಚೆಯಿಂದ ತುದಿ ಹಿಡಿದು ಬಿಗಿಯಾಗಿ ಎಳೆದುಕೊಂಡು ನಡೆದೆ. ಹಗ್ಗ ತೆಂಗಿನಮರವನ್ನು ದಾಟಿತು, ತುಳಸಿ ಕುಂಡವನ್ನು ದಾಟಿತು, ರುಬ್ಬುವ ಕೋಣೆಯ ಹೊಸ್ತಿಲನ್ನೂ ದಾಟಿ ಗ್ರೈಂಡರಿನ ಕಾಲಿಗೆ ಹೋಗಿ ತಾಗಿತು. ಅಷ್ಟು ಹೊತ್ತಿಗೆ ಇಬ್ಬರೂ ಹಿಂಬಾಗಿಲಿನಿಂದ ಒಳಗೆ ಬಂದಿದ್ದರು. ನಾನು ಕುಂಡ ಸರಿಸಿ ಕಲ್ಲು ಎತ್ತಿದೆ. ಬಿಳಿ ನೀರು ಕಣಿಯಲ್ಲಿ ಹರಿದು ಮರದ ಬುಡಕ್ಕೆ ಹೋಗುತ್ತಿತ್ತು. ವಾಸನೆ ತಾನಾಗಿಯೇ ಎದ್ದು ಬಂತು.

ಇನ್ಸ್‌ಪೆಕ್ಟರ್ ಕೆಂಪಾದರು. "ಮಳೆನೀರಿನ ಗುಂಡಿ ಅಂತ ನನಗೆ ತೋರಿಸಿದ್ದು ಇದನ್ನೇ ತಾನೆ?"

"ಹೌದು ಸಾರ್."

"ಇದರ ಚಟ್ನಿ ಬೇರೆ ತಿನ್ನಿಸಿದಿರಿ."

"ಎರಡು ಸಲ ಹಾಕಿಸಿಕೊಂಡಿರಿ ಸಾರ್ ನೀವು" ಎಂದರು ಕೌನ್ಸಿಲರ್. ಅವರು ನಗಲಿಲ್ಲ. ಮರವನ್ನು ನೋಡಿದರು, ಗೋಡೆಯನ್ನು ನೋಡಿದರು. "ಗೋಡೆ ಬಂತು ಅಂತ ನಾನೂ ಹಗ್ಗ ಸುತ್ತಿಟ್ಟೆನಲ್ಲ. ನೀರಿಗೆ ಗೋಡೆ ಗೊತ್ತಾ?" ಎಂದರು. ಆಮೇಲೆ ನನ್ನನ್ನು ಕೇಳಿದರು: "ಯಾವಾಗ ಗೊತ್ತಾಯ್ತು ನಿಮಗೆ?"

ಆ ಪ್ರಶ್ನೆಗೆ ನಿಜ ಹೇಳುವಷ್ಟು ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ. "ನಿನ್ನೆ ಹೊಳೆಯಿತಮ್ಮ. ನಮ್ಮೂರ ಅಭ್ಯಾಸ ನೋಡಿ, ತಲೆಗೆ ಹೋಗಲೇ ಇಲ್ಲ" ಎಂದೆ. ಹೆಂಡತಿ ಒಳಗೆ ಹೋದಳು.

ನಗರಸಭೆಯವರು ಹೋಟೆಲಿಗೆ ಬೀಗ ಹಾಕಿಸಿದರು, ಚರಂಡಿಗೆ ಸರಿಯಾದ ಪೈಪು ಹಾಕುವವರೆಗೆ. ಅದಕ್ಕೆ ನನ್ನದೇನೂ ತಕರಾರಿರಲಿಲ್ಲ. ಬಾವಿ ಮುಚ್ಚುವುದನ್ನು ಕೌನ್ಸಿಲರ್ ನಿಲ್ಲಿಸಿದರು. ಮೋಟಾರು ಇಟ್ಟು ನೀರೆಲ್ಲ ಹೊರಹಾಕಿ, ಆಳುಗಳು ಇಳಿದು ತಳದ ಕೆಸರು ಎತ್ತಿದರು, ಗೋಡೆ ಉಜ್ಜಿದರು, ಸುಣ್ಣ ಬಳಿದರು. ಹೊಸ ನೀರು ಬಂದಂತೆ ಮತ್ತೆ ಮತ್ತೆ ಬಾಟಲಿಯಲ್ಲಿ ಪರೀಕ್ಷೆಗೆ ಹೋಯಿತು. ಬೇಸಿಗೆ ಏರುವ ಹೊತ್ತಿಗೆ ಕುಡಿಯಬಹುದು ಎಂದು ಬಂತು. ಆಮೇಲಿನಿಂದ ನಮ್ಮ ನಗರಸಭೆಯಲ್ಲಿ ಬಾವಿಯ ಸುತ್ತ ಗೆರೆ ಎಳೆಯುವಾಗ ಹಗ್ಗವನ್ನು ಗೋಡೆ ದಾಟಿಸಿಯೇ ಹಿಡಿಯಬೇಕೆಂದು ಅವರು ಹಟ ಹಿಡಿದು ಮಾಡಿಸಿದರು. ನಮ್ಮ ಹಿತ್ತಲಲ್ಲಿ ಮೊದಲ ಸಲ ಆ ಗೆರೆ ಬಿದ್ದಾಗ ಅದು ರುಬ್ಬುವ ಕೋಣೆಯ ನಟ್ಟನಡುವೆ ಹಾದುಹೋಯಿತು. ಆ ಕೋಣೆಯನ್ನು ಬೀದಿಯ ಬದಿಗೆ ಸಾಗಿಸಿದೆ. ಮಳೆನೀರಿಗೆ ಜಲ್ಲಿ, ಇದ್ದಿಲು, ಮರಳು ಹಾಕಿದ ಗುಂಡಿಯೂ ಆಯಿತು.

ಹೋಟೆಲಿಗೆ ಬೀಗ ಬಿದ್ದಿದ್ದ ದಿನಗಳಲ್ಲೇ ನಾನು ಕುಂದ್ರತ್ತೂರಿಗೆ ಹೋಗಿ ಹಾಲಿನವಳಿಗೆ ವಿಷಯ ಹೇಳಿದ್ದೆ. ಅವಳು ಹಸುವಿಗೆ ನೀರು ಕುಡಿಸುತ್ತಿದ್ದಳು.

"ನಿಮಗೇ ಗೊತ್ತಿರಲಿಲ್ವಾ?" ಎಂದು ಒಂದೇ ಮಾತು ಕೇಳಿದಳು.

"ಗೊತ್ತಿರಲಿಲ್ಲಮ್ಮ."

"ಗೊತ್ತಿಲ್ಲದೆ ಆದದ್ದಕ್ಕೆ ಏನು ಮಾಡೋದು" ಎಂದು ಬಕೆಟ್ಟು ಎತ್ತಿಕೊಂಡಳು. ಕೌನ್ಸಿಲರ್ ತಾವೇ ಹೋಗಿ ಕರೆದ ಮೇಲೆ ವಾಪಸು ಬಂದಳು. ಕೊಟ್ಟಿಗೆಯನ್ನು ಗೆರೆಯಿಂದ ಇನ್ನೂ ಅಷ್ಟು ದೂರಕ್ಕೆ ಹಾಕಿಸಿಕೊಂಡಳು. ಇಷ್ಟು ದೂರ ಬೇಡ ಎಂದು ಇನ್ಸ್‌ಪೆಕ್ಟರೇ ಹೇಳಿದರೂ, "ಬೇಡ ಸಾರ್, ನನ್ನ ಹಸುವಿನ ಬಾಲ ಉದ್ದ" ಎಂದಳು. ಮೊದಲಿನ ಹಾಗೆ ಬೀದಿಗೆಲ್ಲ ಮುಂಚೆ ನಮಗೇ ಹಾಲು ತಂದಿಟ್ಟು ಕೂಗತೊಡಗಿದಳು. ಬಾವಿಯ ನೀರು, ಅವಳ ಹಾಲು. ಕಾಫಿ ಹಳೆಯ ಕಾಫಿಯಾಯಿತು. ರೈಲು ತಪ್ಪಿಸಿಕೊಳ್ಳುವವರು ಮತ್ತೆ ತಪ್ಪಿಸಿಕೊಳ್ಳತೊಡಗಿದರು. ಎಲ್ಲವೂ ಸರಿಯಾಗಿತ್ತು, ಅವಳು ಕೂಗಿದಾಗ ಬಾಗಿಲು ತೆರೆಯುವುದೊಂದನ್ನು ಬಿಟ್ಟು. ನಾನು ಹೆಂಡತಿಯನ್ನು ಕಳಿಸುತ್ತಿದ್ದೆ.

ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಸುಣ್ಣದ ಗೆರೆಯನ್ನು ಹೊಸದಾಗಿ ಎಳೆಯಬೇಕು. ಆ ಕೆಲಸವನ್ನು ನಾನು ನಗರಸಭೆಯಿಂದ ಕೇಳಿ ಪಡೆದುಕೊಂಡೆ. ಹೀಗೆ ಮೂರ್ನಾಲ್ಕು ವರ್ಷ ಕಳೆದಿರಬೇಕು. ಒಂದು ಬೆಳಿಗ್ಗೆ ನಾನು ಗೆರೆ ಎಳೆಯುತ್ತ ಬರುವಾಗ ಹಾಲಿನವಳು ಹಗ್ಗದ ತುದಿ ಹಿಡಿದುಕೊಂಡು ಸಹಾಯಕ್ಕೆ ನಿಂತಳು.

"ಮುದಲಾಳಿ, ವಯಸ್ಸಾಯ್ತು ನಿಮಗೆ. ಗೆರೆ ಹಸು ನಡೆದ ಹಾಗೆ ಹೋಗ್ತಿದೆ" ಎಂದಳು.

ನಾನು ಸುಣ್ಣದ ಬಕೆಟ್ಟು ಕೆಳಗಿಟ್ಟೆ. ಬಗ್ಗಿಕೊಂಡೇ ಹೇಳಿದೆ, ಅವಳ ಮುಖ ನೋಡಲು ಆಗಲಿಲ್ಲ. "ಅಮ್ಮಾ, ನಿನ್ನ ಹಸು ಹೋಗುವ ಮುಂಚೆಯೇ ನನಗೆ ಗೊತ್ತಿತ್ತು. ನೀರು ಕುದಿಸಿದ ದಿನವೇ ಗೊತ್ತಿತ್ತು. ಎಲ್ಲರ ಎದುರು ನೀನು ನನ್ನನ್ನು ಕೇಳಿದಾಗಲೂ ಗೊತ್ತಿತ್ತು."

ಅವಳು ಹಗ್ಗ ಬಿಡಲಿಲ್ಲ, ಬಿಗಿಯಾಗಿಯೇ ಹಿಡಿದಿದ್ದಳು.

"ಹಸು ಮಾತಾಡಲ್ಲ ಅಂತ ಧೈರ್ಯ ಮಾಡಿದಿರಿ" ಎಂದಳು. "ಎಳೀರಿ, ಬಿಸಿಲೇರುತ್ತೆ."

ಸುತ್ತು ಮುಗಿಯುವವರೆಗೂ ನಿಂತಿದ್ದು ಹೋದಳು.

ಮರುದಿನ ಎಂದಿನ ಹೊತ್ತಿಗೆ ಕೂಗು ಕೇಳಲಿಲ್ಲ. ಬೀದಿಯ ಮನೆಮನೆಗೂ ಹಾಲು ಹಾಕಿ, ಟೀ ಅಂಗಡಿಗೆ ಹಾಕಿ, ಎಲ್ಲ ಆದ ಮೇಲೆ ಕೊನೆಗೆ ನಮ್ಮ ಹಿಂಬಾಗಿಲಿಗೆ ಬಂದು, "ಮುದಲಾಳಿ, ಪಾಲು" ಎಂದಳು. ಹಾಲಿನ ಅಳತೆಯಲ್ಲಿ ಕಮ್ಮಿಯಿರಲಿಲ್ಲ, ನೀರು ಬೆರೆಸಿರಲಿಲ್ಲ. ಅಂದಿನಿಂದ ಹೋಟೆಲು ಮಗಳು ಅಳಿಯನ ಕೈಗೆ ಹೋಗುವ ತನಕ ನಮ್ಮದು ಕೊನೆಯ ಮನೆ. ಅಂದಿನಿಂದ ಬಾಗಿಲು ತೆರೆಯುವುದು ನಾನೇ.

ಹಾಲು ತಡವಾದರೆ ಮೊದಲ ಕಾಫಿಯೂ ತಡ. ಮುಂಜಾನೆಯ ಮೊದಲ ರೈಲಿನ ಗಿರಾಕಿಗಳು ಗೊಣಗುತ್ತಿದ್ದರು. "ಏನು ಸಾರ್, ಬಾವಿ ಹಿಂದೆ, ಹಸು ಪಕ್ಕದಲ್ಲಿ, ಕಾಫಿ ಮಾತ್ರ ಇನ್ನೂ ಬರಲಿಲ್ಲ" ಎಂದು ಒಬ್ಬರು ಕೆಣಕುತ್ತಿದ್ದರು. ಕಾರಣ ಕೇಳಿದವರಿಗೆ ನಾನು ಕಾರಣ ಹೇಳುತ್ತಿದ್ದೆ, ಪೂರ್ತಿಯಾಗಿ. ಮೊದಮೊದಲು ನಾಲಿಗೆ ತಡವರಿಸುತ್ತಿತ್ತು, ಆಮೇಲೆ ಸಲೀಸಾಯಿತು. ಕೆಲವರು ಎದ್ದು ಹೋದರು, ಹೆಚ್ಚಿನವರು ಕಾದರು. ಡಿಕಾಕ್ಷನ್ ಇಳಿಸಿಟ್ಟು, ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, ಬಾವಿಕಟ್ಟೆಯಲ್ಲಿ ಹೆಂಗಸರ ಕೊಡಗಳು ತುಂಬುವ ಸದ್ದು ಕೇಳುತ್ತ ನಾನೂ ಅವಳ ಕೂಗಿಗೆ ಕಾಯುತ್ತಿದ್ದೆ. ನನ್ನ ದಿನದಲ್ಲಿ ಅದಕ್ಕಿಂತ ಒಳ್ಳೆಯ ಹೊತ್ತು ಬೇರೆ ಇರಲಿಲ್ಲ.